ಚಲಿಸದ ಬೈಸಿಕಲ್ಲಿನ ಚರಿತ್ರೆ

ಬೈಸಿಕಲ್ಲು ಮನುಷ್ಯನನ್ನು ಊರಿಂದೂರಿಗೆ ಕೊಂಡೊಯ್ಯುವ ವಾಹನವೆಂದು ಲೋಕವೆಲ್ಲ ನಂಬಿರುವಾಗ, ಅದನ್ನು ನೆಲಕ್ಕೆ ಬಿಗಿದು ನಿಲ್ಲಿಸಿ, ಗಾಲಿಗೊಂದು ತಡೆಯನ್ನೊಡ್ಡಿ, ಮೇಲೆ ಕುಳಿತವನು ಗಂಟೆಗಟ್ಟಲೆ ತುಳಿದರೂ ಅಂಗುಲದಷ್ಟೂ ಮುಂದೆ ಸರಿಯದಂತೆ ಮಾಡಿ, ಎಲ್ಲಿಗೂ ಮುಟ್ಟದ ಆ ಸವಾರಿಯಿಂದಲೇ ದೇಹದೊಳಗಣ ವ್ಯಾಪಾರಗಳ ಮರ್ಮವನ್ನು ಅರಿಯಬಹುದೆಂದು ಕಂಡುಕೊಂಡವರು ಶರೀರಶಾಸ್ತ್ರಜ್ಞರು. ಎರ್ಗೋಮೀಟರ್ ಎಂದು ಅವರು ಕರೆದ ಈ ಯಂತ್ರ ಇಂದು ಹೃದ್ರೋಗದ ಆಸ್ಪತ್ರೆಗಳಲ್ಲಿಯೂ ವ್ಯಾಯಾಮಶಾಲೆಗಳಲ್ಲಿಯೂ ಸಾಮಾನ್ಯವಾಗಿಬಿಟ್ಟಿದೆ. ಆದರೆ ಅದರ ಮೇಲೆ ಯಾರು ಯಾರು ಕುಳಿತರು, ಯಾರಿಗಾಗಿ ತುಳಿದರು, ಅವರ ಬೆವರಿನಿಂದ ಲಭಿಸಿದ ಅರಿವು ಯಾರ ಪಾಲಾಯಿತು ಎಂಬ ವಿಚಾರ ಕ್ರೀಡೆಯ ಚರಿತ್ರೆಯಲ್ಲಾಗಲಿ ವಿಜ್ಞಾನದ ಚರಿತ್ರೆಯಲ್ಲಾಗಲಿ ಸಲ್ಲತಕ್ಕಷ್ಟು ಸ್ಥಾನವನ್ನು ಪಡೆದಿಲ್ಲ. ಬಹುಕಾಲ ಶಾಸ್ತ್ರವು ಸವಾರನನ್ನು ಎರವಲು ಪಡೆದು ಮನುಷ್ಯಮಾತ್ರದ ದೇಹವನ್ನು ಕುರಿತು ಕಲಿಯಿತು. ಸವಾರನಿಗೇ ಸೇವೆ ಸಲ್ಲಿಸಹೊರಟದ್ದು ಈಚಿನ ಮಾತು. ಮೊದಲನೆಯ ಕೆಲಸದಲ್ಲಿ ಅದು ಎಷ್ಟು ನಿಷ್ಠೆಯಿಂದ ನಡೆದುಕೊಂಡಿತೋ ಎರಡನೆಯದರಲ್ಲಿ ಅಷ್ಟು ನಿಷ್ಠೆಯಿಂದ ನಡೆದುಕೊಳ್ಳಲಿಲ್ಲವೆಂಬುದು ನನ್ನ ಅಭಿಪ್ರಾಯ.

ಬೈಸಿಕಲ್ಲನ್ನೇ ಆರಿಸಿಕೊಂಡದ್ದೇಕೆಂಬ ಪ್ರಶ್ನೆಗೆ ಉತ್ತರ ಸುಲಭವಾದದ್ದು. ಓಡುತ್ತಿರುವವನ ಬಾಯಿಗೆ ಉಸಿರಿನ ನಳಿಗೆಯನ್ನು ಜೋಡಿಸುವುದು ಕಷ್ಟ, ಅವನ ತೋಳಿನಿಂದ ರಕ್ತವನ್ನು ತೆಗೆಯುವುದು ಇನ್ನೂ ಕಷ್ಟ, ಅವನು ಮಾಡಿದ ಕೆಲಸ ಎಷ್ಟೆಂದು ತೂಕಹಾಕಿ ಹೇಳುವುದಂತೂ ಅಸಾಧ್ಯಪ್ರಾಯ. ಬೈಸಿಕಲ್ಲಿನ ಮೇಲೆ ಕುಳಿತವನಾದರೋ ಕಾಲುಗಳಲ್ಲಿ ಎಷ್ಟೇ ಶ್ರಮಪಡುತ್ತಿರಲಿ, ಎದೆ ತಲೆ ತೋಳುಗಳನ್ನು ಹೆಚ್ಚುಕಡಮೆ ನಿಶ್ಚಲವಾಗಿ ಇಟ್ಟುಕೊಂಡಿರುತ್ತಾನೆ. ಪೆಡಲುಗಳ ಸುತ್ತನ್ನು ಎಣಿಸಿ ತಡೆಯ ಭಾರವನ್ನು ಅಳೆದರೆ ಅವನು ಮಾಡಿದ ಕೆಲಸದ ಲೆಕ್ಕ ಕಾಸಿಗೆ ಕಾಸು ಸರಿಹೊಂದುತ್ತದೆ. ಅದೇ ಕೆಲಸವನ್ನು ನಾಳೆ, ನಾಡಿದ್ದು, ಇನ್ನೊಬ್ಬನಿಂದ, ಇನ್ನೊಂದು ದೇಶದಲ್ಲಿ ಅಷ್ಟೇ ಪ್ರಮಾಣದಲ್ಲಿ ಮಾಡಿಸಬಹುದು. ಪ್ರಯೋಗಶಾಸ್ತ್ರಕ್ಕೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಮನುಷ್ಯನ ದುಡಿಮೆಯನ್ನು ಅವನ ಉಸಿರಿನಿಂದ ಅಳೆಯಬೇಕೆಂಬ ಆಲೋಚನೆ ಬೈಸಿಕಲ್ಲಿಗಿಂತ ಹಳೆಯದು. ಫ್ರಾನ್ಸಿನಲ್ಲಿ ಮಹಾಕ್ರಾಂತಿ ತಲೆಯೆತ್ತಿದ ಕಾಲದಲ್ಲಿಯೇ, 1789-90ರ ಸುಮಾರಿನಲ್ಲಿ, ಆಮ್ಲಜನಕದ ಸ್ವರೂಪವನ್ನು ಲೋಕಕ್ಕೆ ತಿಳಿಯಪಡಿಸಿದ ಲವಾಸಿಯೆ ತನ್ನ ಸಹಾಯಕನಾದ ಸೆಗ್ಯಾಂ ಎಂಬವನ ಮುಖಕ್ಕೆ ಮುಸುಕನ್ನು ಬಿಗಿದು, ಕಾಲಿನಿಂದ ಒಂದು ತುಳಿಮಣೆಯನ್ನು ಒತ್ತಿಸಿ, ಸುಮ್ಮನಿರುವಾಗ ಎಷ್ಟು ಆಮ್ಲಜನಕ ವ್ಯಯವಾಗುವುದು, ಉಂಡಮೇಲೆ ಎಷ್ಟು, ದುಡಿಯುವಾಗ ಎಷ್ಟು ಎಂಬುದನ್ನು ಲೆಕ್ಕವಿಟ್ಟನು. ಆ ಪ್ರಯೋಗದ ಚಿತ್ರವನ್ನು ಬರೆದವಳು ಅವನ ಹೆಂಡತಿ ಮರಿ-ಆನ್. ಚಿತ್ರದ ಒಂದು ಪಕ್ಕದಲ್ಲಿ ಮೇಜಿನ ಮುಂದೆ ಕುಳಿತು ಲೆಕ್ಕವನ್ನು ಬರೆದುಕೊಳ್ಳುತ್ತಿರುವವಳೂ ಆಕೆಯೇ. 1794ರಲ್ಲಿ ಕ್ರಾಂತಿಕಾರರು ಲವಾಸಿಯೆಯ ತಲೆಯನ್ನು ತೆಗೆದರು. ದುಡಿಯುವವನ ದೇಹದಲ್ಲಿ ಉರಿಯುವುದಕ್ಕೂ ದೀಪದಲ್ಲಿ ಉರಿಯುವುದಕ್ಕೂ ಮೂಲತಃ ಭೇದವಿಲ್ಲವೆಂಬ ಅವನ ಸಿದ್ಧಾಂತ ಮಾತ್ರ ಉಳಿಯಿತು.

ಆಮೇಲೆ ಒಂದು ಶತಮಾನ ಕಳೆಯಬೇಕಾಯಿತು. 1885ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಸ್ಟಾರ್ಲಿ ಎಂಬವನು ಎರಡು ಗಾಲಿಗಳೂ ಹೆಚ್ಚುಕಡಮೆ ಸಮನಾಗಿರುವ, ಹಿಂದಿನ ಗಾಲಿಗೆ ಚೈನು ಹಾಕಿದ ಬೈಸಿಕಲ್ಲನ್ನು ತಯಾರಿಸಿದನು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಆ ದಶಕ ಮುಗಿದು ಮುಂದಿನದು ಬರುವಷ್ಟರಲ್ಲಿ ಯೂರೋಪು ಅಮೆರಿಕಗಳ ಬೀದಿಗಳೆಲ್ಲ ಸವಾರರಿಂದ ತುಂಬಿದವು. ಹೊಸದೊಂದು ಬಂದಾಗ ವೈದ್ಯರು ಹೆದರಿಸದೆ ಬಿಟ್ಟ ಉದಾಹರಣೆ ಚರಿತ್ರೆಯಲ್ಲಿ ವಿರಳ. ಹೃದಯ ಊದಿಕೊಳ್ಳುವುದೆಂದು ಕೆಲವರು, ಬೆನ್ನೆಲುಬು ಬಾಗುವುದೆಂದು ಕೆಲವರು, ಸವಾರಿ ಮಾಡುವ ಹೆಂಗಸರ ಮುಖವೇ ವಿಕಾರವಾಗಿ ಬಿಗಿದುಕೊಳ್ಳುವುದೆಂದು ಮತ್ತೆ ಕೆಲವರು ಪತ್ರಿಕೆಗಳಲ್ಲಿ ಬರೆದರು. ಅಳೆಯದೆ ಆಡಿದ ಈ ಮಾತುಗಳ ನಡುವೆ ಅಳೆದು ಆಡಿದವರೂ ಇದ್ದರೆಂಬುದು ಸಮಾಧಾನದ ಸಂಗತಿ. ಬೋರ್ಡೋ ನಗರದ ವೈದ್ಯನಾದ ತಿಸ್ಸಿಯೆ 24 ಗಂಟೆಗಳ ದಾಖಲೆಗಾಗಿ ಹೊರಟ ಸವಾರನೊಬ್ಬನ ದೇಹಸ್ಥಿತಿಯನ್ನು ಬೆನ್ನುಹತ್ತಿ ಪರೀಕ್ಷಿಸಿ 1894ರಲ್ಲಿ ಪ್ರಕಟಿಸಿದನು. ಬರ್ಲಿನ್ನಿನಲ್ಲಿ ಲಿಯೋ ಟ್ಸುಂಟ್ಸ್ ಎಂಬವನು ಸವಾರನ ಉಸಿರು ಮತ್ತು ಶಕ್ತಿವ್ಯಯಗಳನ್ನು ಕುರಿತು 1899ರಲ್ಲಿ ಒಂದು ಗ್ರಂಥವನ್ನೇ ಹೊರತಂದನು.

ಆದರೆ ಆ ಕಾಲದ ಅತ್ಯಂತ ವಿಸ್ತಾರವಾದ ಕೆಲಸ ನಡೆದದ್ದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಡ್ಲ್‌ಟೌನ್ ಎಂಬ ಸಣ್ಣ ಪಟ್ಟಣದಲ್ಲಿ. ಅಲ್ಲಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞನೂ ರೋಸಾ ಎಂಬ ಭೌತಶಾಸ್ತ್ರಜ್ಞನೂ ಕೂಡಿ, ಮನುಷ್ಯನೊಬ್ಬನು ಕಾಲು ಚಾಚಿ ಮಲಗಬಹುದಾದಷ್ಟು ಮಾತ್ರ ಜಾಗವಿರುವ ತಾಮ್ರದ ಕೋಣೆಯೊಂದನ್ನು ಕಟ್ಟಿದರು. ಒಳಗೆ ಹೋದವನು ಅಲ್ಲಿಯೇ ದಿನಗಟ್ಟಲೆ ಉಂಡು ಮಲಗಿ ಕೆಲಸ ಮಾಡುತ್ತಿರಬೇಕು; ಅವನು ಉಂಡ ಪ್ರತಿಯೊಂದು ತುತ್ತೂ ತೂಗಲ್ಪಡುವುದು, ಬಿಟ್ಟ ಪ್ರತಿಯೊಂದು ಉಸಿರೂ ಶೋಧಿಸಲ್ಪಡುವುದು, ಅವನ ಮೈಯಿಂದ ಹೊರಟ ಶಾಖವನ್ನೆಲ್ಲ ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೀರಿಕೊಂಡು ಅದರ ಲೆಕ್ಕವನ್ನು ಒಪ್ಪಿಸುವುದು. ಆ ಕೋಣೆಯೊಳಗೆ ಒಂದು ಬೈಸಿಕಲ್ಲನ್ನು ನೆಟ್ಟು, ಅದರ ಗಾಲಿಯಿಂದ ಸಣ್ಣದೊಂದು ಡೈನಮೋ ತಿರುಗುವಂತೆ ಮಾಡಿ, ಹುಟ್ಟಿದ ವಿದ್ಯುತ್ತಿನಿಂದ ಕೆಲಸದ ಪ್ರಮಾಣವನ್ನು ಅಳೆದರು. ಉಂಡ ಅನ್ನದ ಶಕ್ತಿಗೂ ಹೊರಬಂದ ಶಾಖ ಮತ್ತು ಕೆಲಸಗಳ ಮೊತ್ತಕ್ಕೂ ನೂರಕ್ಕೆ ಒಂದರಷ್ಟೂ ಅಂತರ ಕಾಣಲಿಲ್ಲ. ಶಕ್ತಿಯು ಹುಟ್ಟುವುದೂ ಇಲ್ಲ ನಾಶವಾಗುವುದೂ ಇಲ್ಲವೆಂಬ ಭೌತಶಾಸ್ತ್ರದ ಮಹಾನಿಯಮಕ್ಕೆ ಮನುಷ್ಯನೂ ಹೊರತಲ್ಲವೆಂದು, ಜೀವಿಗಳಲ್ಲಿ ಯಾವುದೋ ಅಗೋಚರವಾದ ಪ್ರಾಣಶಕ್ತಿ ಹೆಚ್ಚಿನದನ್ನು ಸೇರಿಸುತ್ತಿರಬಹುದೆಂಬ ಊಹೆಗೆ ಅಲ್ಲಿ ಎಡೆಯಿಲ್ಲವೆಂದು, ಈ ಸವಾರಿಯಿಂದ ಸಿದ್ಧವಾಯಿತು.

ಇದೇ ಆಟ್‌ವಾಟರ್ 1898ರ ಡಿಸೆಂಬರಿನಲ್ಲಿ ತನ್ನ ತಾಮ್ರದ ಕೋಣೆಯನ್ನು ಬಿಟ್ಟು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಡೆಯುತ್ತಿದ್ದ ಆರು ದಿನಗಳ ಪಂದ್ಯದತ್ತ ದೃಷ್ಟಿ ಹರಿಸಿದನು. ಆ ಪಂದ್ಯವೆಂಥದೆಂಬುದನ್ನು ಇಂದಿನ ವಾಚಕರಿಗೆ ವಿವರಿಸುವುದು ಅವಶ್ಯ. ಸೋಮವಾರದಿಂದ ಶನಿವಾರದ ವರೆಗೆ, ಹಗಲೂ ರಾತ್ರಿಯೂ, ಒಬ್ಬೊಬ್ಬನೇ ಸವಾರ ಛಾವಣಿಯಡಿಯ ಮರದ ಹಾದಿಯಲ್ಲಿ ಸುತ್ತುತ್ತಲೇ ಇರಬೇಕು; ಊಟ ನಿದ್ರೆಗಳಿಗೆ ಅವನು ಎಷ್ಟು ಹೊತ್ತು ಇಳಿದರೆ ಅಷ್ಟು ಹಿಂದೆ ಬೀಳುವನು; ಕೊನೆಯ ದಿನಗಳಲ್ಲಿ ಬುದ್ಧಿಭ್ರಮೆಗೊಂಡು ಏನೇನನ್ನೋ ಕಂಡಂತೆ ಕೂಗುವ ಸವಾರರನ್ನು ನೋಡುವುದಕ್ಕೆಂದೇ ಜನ ಹಣ ಕೊಟ್ಟು ಬರುತ್ತಿದ್ದರು. ಆ ವರ್ಷ ಗೆದ್ದ ಮಿಲ್ಲರ್ ಎಂಬವನು ಎರಡು ಸಾವಿರ ಮೈಲಿಗಳಿಗೂ ಮಿಕ್ಕಿ ತುಳಿದನು. ಮಿಲ್ಲರನೂ ಸೇರಿ ಮೂವರು ಸವಾರರ ಆಹಾರವನ್ನೂ ಮಲಮೂತ್ರಗಳನ್ನೂ ತೂಗಿ ಪರೀಕ್ಷಿಸಿದ ವರದಿ 1901ರಲ್ಲಿ ಅಮೆರಿಕದ ಕೃಷಿ ಇಲಾಖೆಯಿಂದ ಹೊರಬಂದಿತು. ಸಾಮಾನ್ಯನ ಊಟಕ್ಕಿಂತ ಎಷ್ಟೋ ಹೆಚ್ಚು ಉಂಡರೂ ಅವರ ದೇಹ ತನ್ನದೇ ಸಸಾರಜನಕವನ್ನು ಕರಗಿಸಿಕೊಳ್ಳುತ್ತಿತ್ತೆಂಬುದು ಅದರ ತಾತ್ಪರ್ಯ. ಕೃಷಿ ಇಲಾಖೆಗೂ ಬೈಸಿಕಲ್ ಪಂದ್ಯಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ದುಡಿಯುವ ಮನುಷ್ಯನಿಗೆ ಎಷ್ಟು ಆಹಾರ ಬೇಕು, ಯಾವ ಬಗೆಯದು ಬೇಕು ಎಂಬುದನ್ನು ರೈತನಿಗೂ ಕೂಲಿಗಾರನಿಗೂ ತಿಳಿಸಬೇಕೆಂಬ ಉದ್ದೇಶ ಅದರ ಹಿಂದೆ ಇತ್ತು. ಸವಾರನು ಅಲ್ಲಿ ದುಡಿಮೆಯ ಪರಾಕಾಷ್ಠೆಯ ಒಂದು ಮಾದರಿ, ಅಷ್ಟೆ. ಒಬ್ಬನೇ ದಿನಕ್ಕೆ 12 ಗಂಟೆಗಳಿಗಿಂತ ಹೆಚ್ಚು ಸವಾರಿ ಮಾಡಕೂಡದೆಂಬ ಕಾಯಿದೆಯನ್ನು ನ್ಯೂಯಾರ್ಕ್ ಸಂಸ್ಥಾನ ಬೇಗನೆ ತಂದದ್ದು ಈ ವರದಿಯಿಂದಲ್ಲ, ನೋಡಿದವರ ಜುಗುಪ್ಸೆಯಿಂದ.

ಆಟ್‌ವಾಟರನ ಶಿಷ್ಯನಾದ ಬೆನೆಡಿಕ್ಟನು ಬಾಸ್ಟನ್ನಿನ ಪ್ರಯೋಗಾಲಯದಲ್ಲಿ ಕ್ಯಾತ್‌ಕಾರ್ಟ್ ಎಂಬ ವಿದ್ವಾಂಸನೊಡನೆ ಕೂಡಿ, ವೃತ್ತಿಯಿಂದಲೇ ಸವಾರನಾಗಿದ್ದ ಒಬ್ಬನನ್ನು ಮುಖ್ಯ ಪ್ರಯೋಗಪಾತ್ರನನ್ನಾಗಿ ಇಟ್ಟುಕೊಂಡು, ಮನುಷ್ಯದೇಹವೆಂಬ ಯಂತ್ರದ ದಕ್ಷತೆಯನ್ನು ಕುರಿತ ದೊಡ್ಡ ಗ್ರಂಥವನ್ನು 1913ರಲ್ಲಿ ಪ್ರಕಟಿಸಿದನು. ಆ ಸವಾರನ ಹೆಸರು ಗ್ರಂಥದಲ್ಲಿ ಆದ್ಯಕ್ಷರಗಳಾಗಿ ಮಾತ್ರ ಉಳಿದಿದೆ. ದೇಹ ಉರಿಸುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲಷ್ಟೇ ಪೆಡಲನ್ನು ಮುಟ್ಟುತ್ತದೆ, ಮಿಕ್ಕದ್ದು ಶಾಖವಾಗಿ ಹೋಗುತ್ತದೆ ಎಂಬ ಅಂದಿನ ನಿರ್ಣಯ ಇಂದಿನ ನಿರ್ಣಯಕ್ಕಿಂತ ಹೆಚ್ಚು ದೂರವಿಲ್ಲ. ಈ ಐದನೆಯ ಒಂದು ಪಾಲಿನ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ತೊಂಬತ್ತು ವರ್ಷಗಳ ತರುವಾಯ ದೊಡ್ಡದೊಂದು ವಿವಾದ ಇದನ್ನೇ ಹಿಡಿದು ಎದ್ದಿತು.

ಅದೇ 1913ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಆಗಸ್ಟ್ ಕ್ರೋಗ್ ಎಂಬ ಪ್ರತಿಭಾವಂತನು, ತಾಮ್ರದ ತಟ್ಟೆಯೊಂದು ವಿದ್ಯುದಯಸ್ಕಾಂತಗಳ ನಡುವೆ ತಿರುಗುವಾಗ ತಾನಾಗಿ ಹುಟ್ಟುವ ಪ್ರತಿರೋಧವನ್ನೇ ಬ್ರೇಕಾಗಿ ಬಳಸಿಕೊಂಡು, ಅತಿ ಸೂಕ್ಷ್ಮವಾಗಿ ಅಳೆಯಬಲ್ಲ ಎರ್ಗೋಮೀಟರನ್ನು ನಿರ್ಮಿಸಿದನು. ಉಪಕರಣಗಳನ್ನು ತಾನೇ ಕಲ್ಪಿಸಿ ಕಟ್ಟಿಕೊಳ್ಳುವುದು ಅವನ ಸ್ವಭಾವ. ಲೋಮನಾಳಗಳಲ್ಲಿ ರಕ್ತಸಂಚಾರ ನಿಯಂತ್ರಿತವಾಗುವ ಬಗೆಯನ್ನು ಕಂಡುಹಿಡಿದುದಕ್ಕಾಗಿ 1920ರ ನೊಬೆಲ್ ಬಹುಮಾನ ಅವನಿಗೆ ಸಂದಿತು. ಆ ವರ್ಷವೇ ಅವನೂ ಲಿಂಡ್‌ಹಾರ್ಡ್ ಎಂಬ ವೈದ್ಯನೂ ಬೈಸಿಕಲ್ಲಿನಿಂದ ಪಡೆದ ಇನ್ನೊಂದು ಫಲಿತಾಂಶವನ್ನು ಪ್ರಕಟಿಸಿದರು. ಕೆಲವು ದಿನ ಕೊಬ್ಬೇ ಹೆಚ್ಚಾಗಿರುವ ಊಟವನ್ನೂ ಕೆಲವು ದಿನ ಶರ್ಕರಪಿಷ್ಟವೇ ಹೆಚ್ಚಾಗಿರುವ ಊಟವನ್ನೂ ಉಣ್ಣಿಸಿ, ಒಂದೇ ಪ್ರಮಾಣದ ಕೆಲಸವನ್ನು ಮಾಡಿಸಿ ನೋಡಿದಾಗ, ಕೊಬ್ಬನ್ನು ಉರಿಸುವ ದೇಹಕ್ಕೆ ಅದೇ ಕೆಲಸಕ್ಕಾಗಿ ನೂರಕ್ಕೆ ಹತ್ತು ಹನ್ನೊಂದರಷ್ಟು ಹೆಚ್ಚು ಶಕ್ತಿ ವ್ಯಯವಾಗುವುದೆಂದು ತಿಳಿಯಿತು. ಅಷ್ಟೇ ಅಲ್ಲ, ಆ ದಿನಗಳಲ್ಲಿ ಸವಾರರು ತಾವು ಬಹಳ ದಣಿದೆವೆಂದು ಹೇಳಿಕೊಂಡರು. ಮಾಂಸಖಂಡ ಉರಿಸುವುದು ಸಸಾರಜನಕವನ್ನೇ, ಆದುದರಿಂದ ಜಟ್ಟಿಗೆ ಮಾಂಸವೇ ಊಟವೆಂಬ ಹಳೆಯ ವಾದವನ್ನು ಹತ್ತೊಂಬತ್ತನೆಯ ಶತಮಾನದವರೇ ಅಲುಗಾಡಿಸಿದ್ದರು. ಕೊಬ್ಬು ಶರ್ಕರಪಿಷ್ಟಗಳೆರಡರಲ್ಲಿ ಮೇಲು ಯಾವುದೆಂಬ ಪ್ರಶ್ನೆಗೆ ಅಂಕಿಗಳ ಉತ್ತರ ಹೀಗೆ ದೊರೆಯಿತು.

ಅದೇ ನಗರದಲ್ಲಿ 1939ರಲ್ಲಿ ಕ್ರಿಸ್ಟೆನ್ಸನ್ ಮತ್ತು ಹ್ಯಾನ್ಸನ್ ಎಂಬಿಬ್ಬರು ಇದನ್ನು ಮುಂದುವರಿಸಿ, ಶರ್ಕರಪಿಷ್ಟವನ್ನು ಉಂಡವನು ಸುಮಾರು ನಾಲ್ಕು ಗಂಟೆಗಳ ಕಾಲ ತುಳಿಯಬಲ್ಲ ಕೆಲಸವನ್ನು ಕೊಬ್ಬು ಉಂಡವನು ಒಂದೂವರೆ ಗಂಟೆಯಷ್ಟು ಮಾತ್ರ ತುಳಿದು ಕೈಚೆಲ್ಲುವನೆಂದು ತೋರಿಸಿದರು. ಸೋತು ಕುಳಿತ ಕ್ಷಣದಲ್ಲಿ ರಕ್ತದ ಸಕ್ಕರೆ ಇಳಿದಿರುವುದನ್ನೂ, ಆಗ ಸಕ್ಕರೆಯ ನೀರನ್ನು ಕುಡಿಸಿದರೆ ಅವನು ಮತ್ತೆ ಎದ್ದು ತುಳಿಯುವುದನ್ನೂ ಅವರು ಕಂಡರು. ಯುದ್ಧ ಬಂದಿತು, ಕ್ರಿಸ್ಟೆನ್ಸನ್ 1941ರಲ್ಲಿ ಸ್ಟಾಕ್‌ಹೋಮಿಗೆ ಪ್ರಾಧ್ಯಾಪಕನಾಗಿ ಹೋದನು, ಶಾಸ್ತ್ರದ ಕೇಂದ್ರವೂ ಅವನೊಡನೆ ಸಮುದ್ರ ದಾಟಿತೆಂದರೆ ತಪ್ಪಾಗದು.

ಸ್ಟಾಕ್‌ಹೋಮಿಗೆ ಹೋಗುವ ಮುನ್ನ ಲಂಡನ್ನಿನ ಒಂದು ಸಣ್ಣ ಆದರೆ ಸ್ವಾರಸ್ಯವಾದ ಪ್ರಕರಣವನ್ನು ಹೇಳಿಬಿಡಬೇಕು. 1929ರಲ್ಲಿ ಸಿಲ್ವಿಯಾ ಡಿಕಿನ್‌ಸನ್ ಎಂಬ ವಿದುಷಿ, ಪೆಡಲನ್ನು ಯಾವ ವೇಗದಲ್ಲಿ ತುಳಿದರೆ ಶಕ್ತಿಯ ಮಿತವ್ಯಯವಾಗುವುದೆಂಬುದನ್ನು ಪರೀಕ್ಷಿಸಿ, ನಿಮಿಷಕ್ಕೆ ಸುಮಾರು 33 ಸುತ್ತಿನಲ್ಲಿ ದಕ್ಷತೆ ಅತ್ಯಧಿಕವೆಂದೂ ಅದು ನೂರಕ್ಕೆ 22ನ್ನು ಮೀರುವುದಿಲ್ಲವೆಂದೂ ನಿರ್ಣಯಿಸಿದಳು. ಹಿಂದೆ ಎರಡು ಪಕ್ಕಕ್ಕೂ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು, ಒಂದೊಂದು ತುಳಿತಕ್ಕೂ ಮೈಯ ಭಾರವನ್ನೆಲ್ಲ ಊರಿ, ಸಾವಕಾಶವಾಗಿ ಏರು ಹತ್ತುವ ನಮ್ಮ ಹಳ್ಳಿಯ ಹಾಲಿನವನು ಯಾವ ಪ್ರಯೋಗಶಾಲೆಯನ್ನೂ ಕಾಣದೆ ಈ ಸತ್ಯವನ್ನು ಅರಿತಿದ್ದಾನೆಂದು ತೋರುತ್ತದೆ. ಆದರೆ ಪಂದ್ಯದ ಸವಾರರು ಎಂದೂ ಹಾಗೆ ತುಳಿದವರಲ್ಲ. 1981ರಲ್ಲಿ ಹ್ಯಾಗ್‌ಬರ್ಗ್ ಮತ್ತು ಅವರ ಸಂಗಡಿಗರು ಪಳಗಿದ ಪಂದ್ಯಾಳುಗಳನ್ನೇ ಕೂರಿಸಿ ನೋಡಿದಾಗ ಅವರು ತಾವಾಗಿ ಆರಿಸಿಕೊಂಡ ವೇಗ ಸರಾಸರಿ 91 ಸುತ್ತು! ಆಮ್ಲಜನಕದ ಲೆಕ್ಕದಲ್ಲಿ ದುಂದೆಂದು ಕಾಣುವ ಈ ವೇಗದಲ್ಲಿ ಒಂದೊಂದು ತುಳಿತಕ್ಕೂ ಬೇಕಾಗುವ ಬಲ ಕಡಮೆಯಾಗುವುದರಿಂದ ಮಾಂಸಖಂಡಗಳು ಬೇಗ ಬಿಗಿದು ಸೋಲುವುದಿಲ್ಲವೆಂಬುದು ಒಂದು ಸಮಾಧಾನ. ಹೆಚ್ಚು ಬಲದಿಂದ ದುಡಿಯುವಾಗ ಮಿತವ್ಯಯದ ವೇಗವೇ ಮೇಲಕ್ಕೆ ಸರಿಯುವುದೆಂಬುದು ಇನ್ನೊಂದು. ಪಂಡಿತರು ಇನ್ನೂ ಚರ್ಚಿಸುತ್ತಲೇ ಇದ್ದಾರೆ. ಸವಾರರು ತೊಂಬತ್ತರ ಆಸುಪಾಸಿನಲ್ಲಿಯೇ ತುಳಿಯುತ್ತಿದ್ದಾರೆ.

ಸ್ವೀಡನ್ನಿನವರು ಈ ಯಂತ್ರವನ್ನು ಅಗ್ಗವಾಗಿಸಿದರು. ಫಾನ್ ಡೋಬೆಲ್ನ್ ಎಂಬ ವೈದ್ಯನು ವಿದ್ಯುತ್ತಿನ ಹಂಗಿಲ್ಲದೆ, ಗಾಲಿಗೆ ಸುತ್ತಿದ ಒಂದು ಪಟ್ಟಿಯ ಬಿಗುವಿನಿಂದಲೂ ತೂಗಾಡುವ ಒಂದು ಗುಂಡಿನಿಂದಲೂ ಕೆಲಸವನ್ನು ಅಳೆಯುವ ಸರಳವಾದ ಎರ್ಗೋಮೀಟರನ್ನು 1954ರಲ್ಲಿ ವರ್ಣಿಸಿದನು. ವಾರ್‌ಬರ್ಗ್ ಪಟ್ಟಣದ ಮೊನಾರ್ಕ್ ಬೈಸಿಕಲ್ ಕಾರ್ಖಾನೆ ಅದನ್ನು ತಯಾರಿಸಿ ಲೋಕಕ್ಕೆಲ್ಲ ಹಂಚಿತು. ಅದೇ ವರ್ಷ ಓಸ್ಟ್ರಾಂಡ್ ಎಂಬವನೂ ಇರ್ಮಾ ರೀಮಿಂಗ್ ಎಂಬಾಕೆಯೂ, ಸವಾರನನ್ನು ಪ್ರಾಣಾಂತಿಕವಾಗಿ ದಣಿಸದೆ, ಮಿತವಾದ ಕೆಲಸದಲ್ಲಿ ಅವನ ನಾಡಿಯನ್ನು ಎಣಿಸಿಯೇ ಅವನ ದೇಹ ಹೀರಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವನ್ನು ಅಂದಾಜುಮಾಡುವ ನಕ್ಷೆಯೊಂದನ್ನು ರಚಿಸಿದರು. ಗಮನಿಸತಕ್ಕ ಸಂಗತಿಯೆಂದರೆ, ಓಸ್ಟ್ರಾಂಡನು 1952ರ ತನ್ನ ಪ್ರಬಂಧದಲ್ಲಿ ಹೆಂಗಸರನ್ನೂ ಮಕ್ಕಳನ್ನೂ ಗಂಡಸರಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದ್ದನು. ಪಳಗಿದ ಸವಾರರನ್ನು ಕುರಿತ ಮುಂದಿನ ದಶಕಗಳ ಸಂಶೋಧನೆ ಈ ಮೇಲ್ಪಂಕ್ತಿಯನ್ನು ಅನುಸರಿಸದೆ, ಹೆಚ್ಚಾಗಿ ಎಳೆಯ ಗಂಡಸರ ದೇಹವನ್ನೇ ಮನುಷ್ಯದೇಹವೆಂದು ಎಣಿಸಿಕೊಂಡು ಹೋದದ್ದು ಸಣ್ಣ ಲೋಪವಲ್ಲ.

ಇಲ್ಲಿಯ ವರೆಗೆ ಶಾಸ್ತ್ರಜ್ಞರು ಅಳೆದದ್ದೆಲ್ಲ ದೇಹದ ಹೊಸ್ತಿಲಲ್ಲಿ ನಿಂತು ಅಳೆದದ್ದು: ಉಸಿರು, ನಾಡಿ, ರಕ್ತ, ಮೂತ್ರ. ಮಾಂಸಖಂಡದ ಒಳಗೆ ಏನು ನಡೆಯುತ್ತದೆಂಬುದು ಊಹೆಯೇ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ದ್ಯುಶೆನ್ ಎಂಬ ಫ್ರೆಂಚ್ ವೈದ್ಯನು ರೋಗಿಗಳ ಮಾಂಸಖಂಡದ ಚೂರನ್ನು ತೆಗೆಯಲು ಕಲ್ಪಿಸಿದ್ದ ಸೂಜಿಯನ್ನು ಸುಧಾರಿಸಿ, ಯೋನಾಸ್ ಬೆರ್ಗ್‌ಸ್ಟ್ರೋಮ್ ಎಂಬ ಸ್ವೀಡನ್ನಿನ ವೈದ್ಯನು 1962ರ ಸುಮಾರಿಗೆ ಅದನ್ನು ಹೊಸದಾಗಿ ಬಳಕೆಗೆ ತಂದನು. ತೊಡೆಯ ಚರ್ಮವನ್ನು ಮರಗಟ್ಟಿಸಿ, ಸಣ್ಣದೊಂದು ಗಾಯ ಮಾಡಿ, ಟೊಳ್ಳಾದ ಆ ಸೂಜಿಯನ್ನು ತೂರಿಸಿ ಚೂರೊಂದನ್ನು ಕತ್ತರಿಸಿ ತೆಗೆದರೆ, ಅದರಲ್ಲಿರುವ ಗ್ಲೈಕೊಜೆನ್ನನ್ನು, ಎಂದರೆ ಮಾಂಸಖಂಡ ತನಗಾಗಿ ಕೂಡಿಟ್ಟುಕೊಂಡ ಶರ್ಕರಪಿಷ್ಟವನ್ನು, ನೇರವಾಗಿ ಅಳೆಯಬಹುದು. ಸೂಜಿ ಸಿದ್ಧವಾದ ಮೇಲೆ ಬೆರ್ಗ್‌ಸ್ಟ್ರೋಮನೂ ಅವನ ಗೆಳೆಯನಾದ ಎರಿಕ್ ಹುಲ್ಟ್‌ಮನ್ನನೂ ಮಾಡಿದ ಪ್ರಯೋಗ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಸುಂದರವಾದದ್ದೆಂದು ನನಗನ್ನಿಸುತ್ತದೆ. ಬೇರೆ ಯಾರನ್ನೂ ಕರೆಯದೆ ಅವರಿಬ್ಬರೇ ಒಂದೇ ಎರ್ಗೋಮೀಟರಿನ ಎರಡು ಪಕ್ಕಗಳಲ್ಲಿ ಕುಳಿತರು. ಒಬ್ಬೊಬ್ಬನೂ ಒಂದೊಂದೇ ಕಾಲಿನಿಂದ ತುಳಿದನು, ಇನ್ನೊಂದು ಕಾಲು ಸುಮ್ಮನಿತ್ತು. ಸೋಲುವ ತನಕ ತುಳಿದು ನೋಡಿದಾಗ ದುಡಿದ ಕಾಲಿನ ಗ್ಲೈಕೊಜೆನ್ ಬಹುಮಟ್ಟಿಗೆ ಬರಿದಾಗಿತ್ತು, ಸುಮ್ಮನಿದ್ದ ಕಾಲಿನದು ಇದ್ದಷ್ಟೇ ಇತ್ತು. ಮುಂದಿನ ಮೂರು ದಿನ ಶರ್ಕರಪಿಷ್ಟವನ್ನೇ ಉಂಡರು. ದಿನದಿನವೂ ಎರಡೂ ತೊಡೆಗಳಿಂದ ಚೂರುಗಳನ್ನು ತೆಗೆದರು. ಬರಿದಾಗಿದ್ದ ಕಾಲು ತುಂಬಿದ್ದಷ್ಟೇ ಅಲ್ಲ, ಸುಮ್ಮನಿದ್ದ ಕಾಲಿನ ಎರಡರಷ್ಟನ್ನು ಕೂಡಿಸಿಕೊಂಡಿತು. ಒಂದೇ ರಕ್ತ, ಒಂದೇ ಊಟ, ಒಂದೇ ದೇಹ, ಭೇದ ದುಡಿಮೆಯೊಂದರಿಂದಲೇ. ಕೂಡಿಟ್ಟುಕೊಳ್ಳಬೇಕೆಂಬ ಪ್ರೇರಣೆ ದುಡಿದ ಮಾಂಸಖಂಡದೊಳಗೇ ಹುಟ್ಟುವುದೆಂದು ಇದಕ್ಕಿಂತ ನಿಸ್ಸಂದೇಹವಾಗಿ ತೋರಿಸುವುದು ಹೇಗೆ? ಲೇಖನ 1966ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದಿತು.

ಮರುವರ್ಷ ಇವರೊಡನೆ ಹರ್ಮಾನ್ಸೆನ್, ಸಾಲ್ಟಿನ್ ಎಂಬಿಬ್ಬರು ಸೇರಿ ಪ್ರಕಟಿಸಿದ ಫಲಿತಾಂಶ ಪಠ್ಯಪುಸ್ತಕಗಳಲ್ಲೆಲ್ಲ ಸೇರಿಹೋಗಿದೆ. ಗರಿಷ್ಠ ಆಮ್ಲಜನಕದ ನೂರಕ್ಕೆ 75ರಷ್ಟನ್ನು ಬೇಡುವ ವೇಗದಲ್ಲಿ, ಮಿಶ್ರಾಹಾರವನ್ನು ಉಂಡವರು 114 ನಿಮಿಷ ತುಳಿದರು. ಕೊಬ್ಬು ಸಸಾರಜನಕಗಳನ್ನು ಉಂಡವರು 57 ನಿಮಿಷ. ಶರ್ಕರಪಿಷ್ಟವನ್ನು ಉಂಡವರು 167 ನಿಮಿಷ. ಪಂದ್ಯಕ್ಕೆ ಮುನ್ನ ಅನ್ನವನ್ನೋ ಬ್ರೆಡ್ಡನ್ನೋ ಹೆಚ್ಚಾಗಿ ಉಣ್ಣುವ ಪದ್ಧತಿಗೆ ಶಾಸ್ತ್ರಾಧಾರ ಇದೇ.

ಅದೇ 1967ರ ಜುಲೈ 13ರಂದು ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಟಾಮ್ ಸಿಂಪ್‌ಸನ್ ಎಂಬ ಇಂಗ್ಲಿಷ್ ಸವಾರನು ಮಾಂಟ್ ವಾಂಟೂ ಬೆಟ್ಟದ ಸುಡುಬಿಸಿಲಿನ ಏರಿನಲ್ಲಿ ಕುಸಿದುಬಿದ್ದು ಮಡಿದನು; ಅವನ ದೇಹದಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಕಂಡುಬಂದಿತು. ಸ್ಟಾಕ್‌ಹೋಮಿನ ಅರಿವು ಸವಾರನ ಬುತ್ತಿಯನ್ನು ಮುಟ್ಟುವುದಕ್ಕೆ ಮೊದಲೇ ಔಷಧದಂಗಡಿಯ ಗುಳಿಗೆ ಅವನ ಜೇಬನ್ನು ಸೇರಿತ್ತು. ಅನಂತರದ ದಶಕಗಳಲ್ಲಿ ಈ ಎರಡು ದಾರಿಗಳೂ ಒಂದರ ಪಕ್ಕದಲ್ಲೊಂದು ಸಾಗಿ, ಕೆಲವೊಮ್ಮೆ ಒಂದಾಗಿಯೂ ಹೋದವು. 1984ರ ಜನವರಿಯಲ್ಲಿ ಇಟಲಿಯ ಸವಾರ ಮೋಸರ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 51.151 ಕಿಲೋಮೀಟರ್ ಸವಾರಿ ಮಾಡಿ, 1972ರಲ್ಲಿ ಅಲ್ಲಿಯೇ ಮೆರ್ಕ್ಸ್ ಎಂಬ ಸವಾರನು ಸ್ಥಾಪಿಸಿದ್ದ 49.431 ಕಿಲೋಮೀಟರಿನ ದಾಖಲೆಯನ್ನು ಮುರಿದಾಗ, ಫೆರಾರಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಸಲಹೆಯಿಂದ ಇದಾಯಿತೆಂದು ಲೋಕ ಶ್ಲಾಘಿಸಿತು. ಆ ಸಲಹೆಯಲ್ಲಿ ರಕ್ತವನ್ನು ತೆಗೆದಿಟ್ಟು ಮರಳಿ ಸೇರಿಸುವುದೂ ಒಂದಾಗಿತ್ತೆಂದು ಮೋಸರ್ ವರ್ಷಗಳ ಮೇಲೆ ಒಪ್ಪಿಕೊಂಡರು. ಆಗ ಅದು ನಿಷಿದ್ಧವಾಗಿರಲಿಲ್ಲವೆಂಬುದು ನಿಜ. ಶ್ಲಾಘಿಸಿದವರಿಗೆ ತಿಳಿದಿರಲಿಲ್ಲವೆಂಬುದೂ ಅಷ್ಟೇ ನಿಜ.

ಪಳಗಿದ ಸವಾರನನ್ನೇ ಮುಖ್ಯ ವಿಷಯವನ್ನಾಗಿ ಮಾಡಿಕೊಂಡು ನಡೆದ ಸಂಶೋಧನೆಗಳಲ್ಲಿ ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಎಡ್ವರ್ಡ್ ಕೊಯ್ಲ್ ಅವರ ಕೆಲಸ ಎದ್ದುಕಾಣುತ್ತದೆ. 1986ರಲ್ಲಿ ಅವರು ಏಳು ಮಂದಿ ಸವಾರರನ್ನು ಒಮ್ಮೆ ಶರ್ಕರಪಿಷ್ಟವಿಲ್ಲದ ರುಚಿನೀರು ಕೊಟ್ಟು, ಒಮ್ಮೆ ಶರ್ಕರಪಿಷ್ಟದ ಪಾನಕ ಕೊಟ್ಟು ಸೋಲುವ ತನಕ ತುಳಿಸಿದರು: ಮೊದಲನೆಯದರಲ್ಲಿ ಮೂರು ಗಂಟೆ, ಎರಡನೆಯದರಲ್ಲಿ ನಾಲ್ಕು. ಮಾಂಸಖಂಡದ ಗ್ಲೈಕೊಜೆನ್ ಎರಡು ಸಲವೂ ಒಂದೇ ಗತಿಯಲ್ಲಿ ಕರಗಿತ್ತು; ಹೆಚ್ಚಿನ ಒಂದು ಗಂಟೆಯನ್ನು ದಾಟಿಸಿದ್ದು ರಕ್ತದ ಸಕ್ಕರೆ. ಕೋಪನ್‌ಹೇಗನ್ನಿನವರು 1939ರಲ್ಲಿ ಕಂಡದ್ದು ಹೀಗೆ ಸೂಜಿಯ ಸಾಕ್ಷ್ಯದೊಡನೆ ಸ್ಥಿರಪಟ್ಟಿತು. ಇಂದು ಯಾವ ಸವಾರನ ಚೌಕಟ್ಟಿಗೆ ಸಿಕ್ಕಿಸಿದ ಬಾಟಲಿಯಲ್ಲಿಯೂ ಈ ಫಲಿತಾಂಶ ತುಂಬಿರುತ್ತದೆ. 1988ರಲ್ಲಿ ಅವರು ತೋರಿಸಿದ್ದು ಇನ್ನೂ ಮುಖ್ಯವಾದದ್ದು. ಆಮ್ಲಜನಕವನ್ನು ಹೀರುವ ಗರಿಷ್ಠ ಶಕ್ತಿಯಲ್ಲಿ ಸರಿಸಮಾನರಾದ 14 ಸವಾರರನ್ನು ಆ ಗರಿಷ್ಠದ ನೂರಕ್ಕೆ 88ರ ವೇಗದಲ್ಲಿ ತುಳಿಸಿದಾಗ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತಡವಾಗಿ ಏರುವವರು ಸರಾಸರಿ 60.8 ನಿಮಿಷವೂ ಬೇಗ ಏರುವವರು 29.1 ನಿಮಿಷವೂ ನಿಂತರು. ಶ್ವಾಸಕೋಶ ಹೃದಯಗಳ ವೈಭವವೊಂದೇ ಸಾಲದು. ವರ್ಷಗಟ್ಟಲೆ ತುಳಿದು ತುಳಿದು ಹದಗೊಂಡ ಮಾಂಸಖಂಡವೂ ಬೇಕು.

ಅದೇ ದಶಕದಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ವಿಶೇಷವಾಗಿ ತಯಾರಿಸಿದ ಭಾರಜಲವನ್ನು ಟೂರಿನ ಸವಾರರಿಗೆ ಕುಡಿಸಿ, ಅದು ಮೂತ್ರದಲ್ಲಿ ಕರಗಿಹೋಗುವ ಗತಿಯಿಂದ ದಿನದ ಶಕ್ತಿವ್ಯಯವನ್ನು ಅಂದಾಜುಮಾಡಿದರು. ಅದು ಸರಾಸರಿ 6000 ಕಿಲೋ ಕ್ಯಾಲೊರಿಗಳ ಸುಮಾರಿಗೆ ಬಂದಿತು. 1986ರಲ್ಲಿ ಜರ್ಮನಿಯ ಶೋಬೆರರ್ ಎಂಬ ಎಂಜಿನಿಯರು ಪೆಡಲಿನ ಕ್ರ್ಯಾಂಕಿನಲ್ಲಿಯೇ ಬಲವನ್ನು ಅಳೆಯುವ ಪಟ್ಟಿಗಳನ್ನು ಕೂರಿಸಿ, ರಸ್ತೆಯಲ್ಲಿ ಓಡುವ ಬೈಸಿಕಲ್ಲನ್ನೇ ಎರ್ಗೋಮೀಟರನ್ನಾಗಿ ಮಾಡಿದ ಮೇಲಂತೂ ಸವಾರನು ತನ್ನ ವಾಟ್‌ಗಳ ಲೆಕ್ಕವನ್ನು ಹ್ಯಾಂಡಲಿನ ಮೇಲೆ ತಾನೇ ಓದಿಕೊಳ್ಳುವಂತಾಯಿತು.

ಇನ್ನು ಹೇಳಬೇಕಾದ ಪ್ರಕರಣ ಅಹಿತವಾದದ್ದು. 2005ರಲ್ಲಿ ಕೊಯ್ಲ್ ಅವರು ಶರೀರಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯೊಂದರಲ್ಲಿ ಒಬ್ಬನೇ ಸವಾರನನ್ನು ಕುರಿತು ಲೇಖನವನ್ನು ಪ್ರಕಟಿಸಿದರು. ಆ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್. ಅಂದಿಗೆ ಟೂರನ್ನು ಸಾಲಾಗಿ ಗೆದ್ದು ಲೋಕವಿಖ್ಯಾತನಾಗಿದ್ದವನು. 1992ರಿಂದ 1999ರ ವರೆಗಿನ ಪ್ರಯೋಗಾಲಯದ ಪರೀಕ್ಷೆಗಳನ್ನು ಆಧರಿಸಿ, ಅವನ ಮಾಂಸಖಂಡಗಳ ದಕ್ಷತೆ, ಅದೇ ಐದನೆಯ ಒಂದು ಪಾಲು, ನೂರಕ್ಕೆ 8ರಷ್ಟು ವೃದ್ಧಿಯಾಯಿತೆಂದೂ, ಅವನ ವಿಜಯಗಳಿಗೆ ಇದು ಒಂದು ಮುಖ್ಯ ಕಾರಣವೆಂದೂ ಅದರಲ್ಲಿ ಪ್ರತಿಪಾದಿತವಾಗಿತ್ತು. ಆಸ್ಟ್ರೇಲಿಯದ ವಿದ್ವಾಂಸರು ಒಡನೆಯೇ ಆಕ್ಷೇಪವೆತ್ತಿದರು. ಪರೀಕ್ಷೆಗಳು ಐದೇ ಐದು. ಏಳು ವರ್ಷಗಳ ಉದ್ದಕ್ಕೂ ಯಂತ್ರಗಳ ಅಳತೆ ಒಂದೇ ಸಮನಾಗಿತ್ತೆಂಬುದಕ್ಕೆ ಆಧಾರವೇನು. ಟೂರಿನ ಹೊತ್ತಿನಲ್ಲಿ ನಡೆದ ಪರೀಕ್ಷೆ ಒಂದೂ ಇಲ್ಲವಲ್ಲ? ವಾದ ಮೂರು ವರ್ಷ ನಡೆಯಿತು. 2008ರಲ್ಲಿ ಲೆಕ್ಕದಲ್ಲಿ ಒಂದು ದೋಷವಿತ್ತೆಂದು ಕೊಯ್ಲ್ ಒಪ್ಪಿಕೊಂಡರು, ಆದರೆ ನಿರ್ಣಯ ಅದರಿಂದ ಬದಲಾಗುವುದಿಲ್ಲವೆಂದರು. 2012ರ ಅಕ್ಟೋಬರಿನಲ್ಲಿ ಅಮೆರಿಕದ ಉದ್ದೀಪನ ನಿಗ್ರಹ ಸಂಸ್ಥೆ ಸಾಕ್ಷ್ಯಗಳನ್ನು ಹೊರಗಿಟ್ಟಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಆರ್ಮ್‌ಸ್ಟ್ರಾಂಗನ ಏಳು ಟೂರ್ ಪದವಿಗಳನ್ನೂ ಕಿತ್ತುಕೊಂಡಿತು. 2013ರ ಜನವರಿಯಲ್ಲಿ ದೂರದರ್ಶನದ ಸಂದರ್ಶನವೊಂದರಲ್ಲಿ ಅವನೇ ಉದ್ದೀಪನ ಸೇವನೆಯನ್ನು ಒಪ್ಪಿಕೊಂಡನು.

ಇದನ್ನು ಒಬ್ಬ ವಿದ್ವಾಂಸರ ಮೇಲಿನ ದೂರಾಗಿ ನಾನು ಹೇಳುತ್ತಿಲ್ಲ. ಅವರ 1986 ಮತ್ತು 1988ರ ಕೆಲಸ ಕಳಂಕರಹಿತವಾಗಿ ನಿಂತಿದೆ. ದೋಷವಿರುವುದು ಪ್ರಶ್ನೆಯಲ್ಲಿ. ದೇಹ ಏನನ್ನು ಉರಿಸುತ್ತದೆಂದು ಕೇಳಿದಾಗ, ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿದಾಗ, ಚಲಿಸದ ಬೈಸಿಕಲ್ಲು ತಪ್ಪು ಉತ್ತರವನ್ನು ಕೊಟ್ಟದ್ದು ಕಡಮೆ. ಇಂಥವನು ಏಕೆ ಗೆದ್ದನೆಂದು ಕೇಳಿದಾಗ ಅದು ಉತ್ತರಿಸಲಾರದು, ಏಕೆಂದರೆ ಗೆದ್ದವನು ಪ್ರಯೋಗಾಲಯಕ್ಕೆ ತರದೆ ಬಿಟ್ಟ ಸಂಗತಿಗಳನ್ನು ಅಳೆಯುವ ಉಪಕರಣ ಅದರಲ್ಲಿಲ್ಲ. ಒಬ್ಬನೇ ವೀರನ ದೇಹದಿಂದ ಸಾಮಾನ್ಯ ನಿಯಮವನ್ನು ತೆಗೆಯಹೊರಡುವ ಲೇಖನಗಳು ಇಂದಿಗೂ ಬರುತ್ತಿವೆ. 2005ರ ಆ ಲೇಖನವನ್ನು ಓದಬಯಸುವ ವಾಚಕರು ಆಸ್ಟ್ರೇಲಿಯದವರ ಆಕ್ಷೇಪವನ್ನೂ 2012ರ ತೀರ್ಮಾನವನ್ನೂ ಪಕ್ಕದಲ್ಲಿಟ್ಟುಕೊಂಡೇ ಓದಬೇಕೆಂದು ನನ್ನ ಸೂಚನೆ.